ತಂತಿಗಿಂತ ಗಂಟು ಮುಖ್ಯ



ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲದ ಒಂದು ರಾತ್ರಿ, ಹೊರಾಂಗಣ ಚಿತ್ರೀಕರಣ ಮುಗಿಸಿಕೊಂಡು ನಮ್ಮ ತಂಡ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯ ಮೂಲಕ ಉಜಿರೆಯ ಕಡೆಗೆ ಇಳಿಯುತ್ತಿತ್ತು. ಮಳೆಯ ಜೊತೆಗೆ ಮಂಜೂ ಕವಿದಿತ್ತು. ನಮ್ಮ ಜೀಪಿನ ಬಲಗಡೆಯ ಹೆಡ್‌ಲೈಟು ಮೊದಲು ಮಂಕಾಯಿತು. ಎರಡು ತಿರುವು ಕಳೆಯುವಷ್ಟರಲ್ಲಿ ಆರಿಯೇ ಹೋಯಿತು. ಎದುರಿನಿಂದ ಬಂದ ಬಸ್ಸಿನ ಚಾಲಕರು ಉಳಿದ ಒಂದೇ ದೀಪವನ್ನು ಕಂಡು, ಬರುತ್ತಿರುವುದು ಮೋಟಾರ್‌ಸೈಕಲ್ಲು ಎಂದು ತಿಳಿದಿರಬೇಕು. ರಸ್ತೆಯ ನಡುವಿಗೇ ಬಂದ ಬಸ್ಸು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಿತು. ನಾವು ಬದುಕಿಕೊಂಡೆವು.

ನಮ್ಮ ಚಾಲಕರು ಜೀಪನ್ನು ಬದಿಗೆ ನಿಲ್ಲಿಸಿ, ಟಾರ್ಚು ಹಿಡಿದು ಒಂದೊಂದಾಗಿ ಪರೀಕ್ಷಿಸಿದರು. ಬಲ್ಬು ಸರಿಯಾಗಿತ್ತು. ಬ್ಯಾಟರಿ ಸರಿಯಾಗಿತ್ತು. ಫ್ಯೂಸು ಕೂಡ ಸರಿಯಾಗಿತ್ತು. ಕೊನೆಗೆ ದೋಷ ಸಿಕ್ಕಿದ್ದು ಕಪ್ಪು ಟೇಪು ಸುತ್ತಿದ್ದ ಒಂದು ಸಣ್ಣ ಗಂಟಿನಲ್ಲಿ. ಟೇಪು ಬಿಚ್ಚಿ ನೋಡಿದರೆ ಒಳಗಿನ ತಾಮ್ರ ಕಿಲುಬು ಹಿಡಿದು ಕಪ್ಪಾಗಿತ್ತು; ತಂತಿಯ ಹೊದಿಕೆ ಕರಗಿ ಅಂಟಿಕೊಂಡಿತ್ತು. ಹಿಂದಿನ ಬೇಸಿಗೆಯಲ್ಲಿ ದೀಪದ ರಿಪೇರಿ ಮಾಡಿದವರು ಎರಡು ತಂತಿಗಳನ್ನು ಕೈಯಿಂದ ಹೊಸೆದು, ಟೇಪು ಸುತ್ತಿ ಬಿಟ್ಟಿದ್ದರು.

ನಾನು ಭೌತಶಾಸ್ತ್ರ ಓದಿದವನು. ಓಮನ ನಿಯಮ ನನಗೆ ಬಾಯಿಪಾಠವಾಗಿತ್ತು. ಆದರೂ ಆ ನಿಯಮ ಘಾಟಿಯ ತಿರುವಿನಲ್ಲಿ ನಮ್ಮ ಪ್ರಾಣಕ್ಕೆ ಸಂಬಂಧಿಸಿದ್ದು ಎಂಬುದು ಆ ರಾತ್ರಿಯೇ ಮನಸ್ಸಿಗೆ ನಾಟಿದ್ದು. ವಾಹನದಲ್ಲಿ ತಂತಿ ತಾನಾಗಿ ಕೆಡುವುದು ಅಪರೂಪ. ಕೆಡುವುದು ತಂತಿ ಮತ್ತೊಂದನ್ನು ಸೇರುವ ಜಾಗ. ಆ ಜಾಗದಲ್ಲಿ ಎಂಥ ಕನೆಕ್ಟರ್ ಇರಬೇಕು, ಅದನ್ನು ಹೇಗೆ ಆರಿಸಬೇಕು ಎಂಬುದನ್ನು ಈಗ ನೋಡೋಣ.

12 ವೋಲ್ಟಿನ ಲೆಕ್ಕ

ಮನೆಯಲ್ಲಿ ಹೇಗೋ ನಡೆಯುವ ಜೋಡಣೆ ವಾಹನದಲ್ಲಿ ಏಕೆ ನಡೆಯುವುದಿಲ್ಲ? ಉತ್ತರ ವೋಲ್ಟೇಜಿನಲ್ಲಿದೆ. ಮನೆಯ 230 ವೋಲ್ಟಿನಲ್ಲಿ ಉರಿಯುವ 60 ವ್ಯಾಟಿನ ಹಳೆಯ ಮಾದರಿಯ ಬಲ್ಬಿನಲ್ಲಿ ಹರಿಯುವ ವಿದ್ಯುತ್ ಪ್ರವಾಹ ಸುಮಾರು ಕಾಲು ಆಂಪೇರ್. ಆದರೆ 12 ವೋಲ್ಟಿನ ವಾಹನದಲ್ಲಿ 55 ವ್ಯಾಟಿನ ಹ್ಯಾಲೊಜೆನ್ ದೀಪಕ್ಕೆ ಸುಮಾರು 4.6 ಆಂಪೇರ್ ಬೇಕು. ಲೆಕ್ಕದ ಅನುಕೂಲಕ್ಕೆ 5 ಎಂದಿಟ್ಟುಕೊಳ್ಳಿ.

ಈಗ ಎರಡು ಕಡೆಯೂ ತಂತಿಯ ಜೋಡಣೆಯಲ್ಲಿ 0.2 ಓಮ್ ರೋಧವಿದೆ ಎಂದು ಭಾವಿಸಿ. ಮನೆಯಲ್ಲಿ ಅಲ್ಲಿ ನಷ್ಟವಾಗುವುದು 0.05 ವೋಲ್ಟ್, ಅದು ಯಾರ ಗಮನಕ್ಕೂ ಬಾರದು. ವಾಹನದಲ್ಲಿ ನಷ್ಟ 1 ವೋಲ್ಟ್. ಅಂದರೆ ದೀಪಕ್ಕೆ 12ರ ಬದಲು 11 ವೋಲ್ಟ್ ಮಾತ್ರ ಸಿಗುತ್ತದೆ. ತಂತು ದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ಆದ್ದರಿಂದ ಆ ಒಂದು ವೋಲ್ಟು ಹೋದರೆ ಬೆಳಕಿನಲ್ಲಿ ಸರಿಸುಮಾರು ಕಾಲು ಭಾಗ ಹೋಯಿತು!

ಕಳೆದುಹೋದ ಶಕ್ತಿ ಎಲ್ಲಿಗೆ ಹೋಯಿತು? ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿ ನೋಡಿ: 5 × 5 × 0.2 = 5 ವ್ಯಾಟ್. ಕಾರಿನ ಪಾರ್ಕಿಂಗ್ ದೀಪದ ಸಾಮಾನ್ಯ ಬಲ್ಬು ಕೂಡ 5 ವ್ಯಾಟಿನದೇ. ಕಡಲೆಕಾಯಿ ಗಾತ್ರದ ಆ ಗಂಟಿನೊಳಗೆ ಒಂದು ಪಾರ್ಕಿಂಗ್ ಬಲ್ಬು ಸದಾ ಉರಿಯುತ್ತಿದೆ, ಅದೂ ಟೇಪು ಹೊದ್ದುಕೊಂಡು ಎಂದು ಕಲ್ಪಿಸಿಕೊಳ್ಳಿ. ಬಿಸಿಯಿಂದ ತಾಮ್ರ ಇನ್ನಷ್ಟು ಬೇಗ ಆಕ್ಸೈಡ್ ಆಗುತ್ತದೆ, ರೋಧ ಹೆಚ್ಚುತ್ತದೆ, ಬಿಸಿ ಮತ್ತಷ್ಟು ಏರುತ್ತದೆ. ಇದು ತಾನೇ ಬೆಳೆಯುವ ರೋಗ.

ಸ್ಟಾರ್ಟರ್ ಮೋಟಾರಿನ ವಿಷಯ ಇನ್ನೂ ಸೂಕ್ಷ್ಮ. ಕಾರನ್ನು ಚಾಲೂ ಮಾಡುವಾಗ ಅದು 150 ಆಂಪೇರಿನಷ್ಟು ಪ್ರವಾಹವನ್ನು ಎಳೆಯಬಲ್ಲದು. ಬ್ಯಾಟರಿಯ ತುದಿಯಲ್ಲಿ 0.01 ಓಮ್ ಇದ್ದರೂ ಅಲ್ಲೇ ಒಂದೂವರೆ ವೋಲ್ಟ್ ಹೋಗುತ್ತದೆ. ಬೆಳಿಗ್ಗೆ ಗಾಡಿ ಚಾಲೂ ಆಗದಿದ್ದಾಗ ಹೊಸ ಬ್ಯಾಟರಿ ಕೊಳ್ಳುವ ಮುನ್ನ, ಅದರ ತುದಿಗಳಲ್ಲಿ ಬಿಳಿ ಹಸಿರು ಪುಡಿ ಕೂತಿದೆಯೇ ಎಂದು ನೋಡಬೇಕು ಎನ್ನುವುದು ಇದಕ್ಕೇ.

ಫ್ಯೂಸು ಏಕೆ ಕಾಪಾಡುವುದಿಲ್ಲ?

'ಇಷ್ಟು ಬಿಸಿಯಾದರೆ ಫ್ಯೂಸು ಹೋಗಬೇಕಲ್ಲವೇ?' ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಫ್ಯೂಸು ಹೋಗುವುದು ಪ್ರವಾಹ ಮಿತಿಮೀರಿದಾಗ. ಕೆಟ್ಟ ಜೋಡಣೆ ಪ್ರವಾಹವನ್ನು ಹೆಚ್ಚಿಸುವುದಿಲ್ಲ. ರೋಧ ಸೇರಿದ್ದರಿಂದ ಪ್ರವಾಹ ಸ್ವಲ್ಪ ಕಡಿಮೆಯೇ ಆಗುತ್ತದೆ. ಫ್ಯೂಸಿನ ದೃಷ್ಟಿಯಲ್ಲಿ ಎಲ್ಲವೂ ಕ್ಷೇಮ. ಅದು ತಣ್ಣಗೆ ಕುಳಿತಿರುವಾಗಲೇ ಪಕ್ಕದ ಗಂಟು ಬೇಯುತ್ತಿರುತ್ತದೆ. ಅಲ್ಲಿ ಪೆಟ್ರೋಲಿನ ಕೊಳವೆಯೋ ಒಣಗಿದ ಎಣ್ಣೆ ಬಟ್ಟೆಯೋ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಜೋಡಣೆಗೆ ಜೋಡಣೆಯೇ ರಕ್ಷೆ, ಬೇರೆ ಕಾವಲುಗಾರನಿಲ್ಲ.

ಲೋಹ ಲೋಹವನ್ನು ಮುಟ್ಟುವುದೆಂದರೆ

ಎರಡು ನುಣುಪಾದ ಲೋಹದ ತುಂಡುಗಳನ್ನು ಒತ್ತಿ ಹಿಡಿದರೆ ಅವು ಪೂರ್ತಿಯಾಗಿ ಅಂಟಿಕೊಂಡಿವೆ ಎಂದು ಕಣ್ಣಿಗೆ ತೋರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ನುಣುಪು ಬೆಟ್ಟಸಾಲಿನಂತೆ ಕಾಣುತ್ತದೆ. ಒಂದು ಬೆಟ್ಟಸಾಲಿನ ಮೇಲೆ ಮತ್ತೊಂದನ್ನು ಬೋರಲು ಹಾಕಿದರೆ ಕೆಲವು ಶಿಖರಗಳು ಮಾತ್ರ ಒಂದನ್ನೊಂದು ಮುಟ್ಟುತ್ತವೆ. ವಿದ್ಯುತ್ತು ಹರಿಯುವುದು ಆ ಕೆಲವು ಚುಕ್ಕೆಗಳ ಮೂಲಕ ಮಾತ್ರ. ವಿದ್ಯುತ್ ಸಂಪರ್ಕಗಳ ಈ ಗುಣವನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿ ಪ್ರಸಿದ್ಧರಾದವರು ಸ್ವೀಡನ್ನಿನ ಭೌತವಿಜ್ಞಾನಿ ರಾಗ್ನಾರ್ ಹೋಲ್ಮ್ (1879–1970).

ಒತ್ತಡ ಹೆಚ್ಚಿಸಿದರೆ ಶಿಖರಗಳು ಚಪ್ಪಟೆಯಾಗಿ ಮುಟ್ಟುವ ಜಾಗ ಹೆಚ್ಚುತ್ತದೆ, ರೋಧ ಇಳಿಯುತ್ತದೆ. ಒತ್ತಡ ಸಡಿಲವಾದರೆ ಚುಕ್ಕೆಗಳು ಬಿಟ್ಟುಕೊಳ್ಳುತ್ತವೆ. ಆ ಸಂದಿಯಲ್ಲಿ ಗಾಳಿ, ತೇವ ನುಗ್ಗಿ ಲೋಹದ ಮೇಲೆ ಆಕ್ಸೈಡಿನ ಪದರ ಕಟ್ಟುತ್ತವೆ. ತಾಮ್ರದ ಆಕ್ಸೈಡು ತಾಮ್ರದಂತೆ ವಿದ್ಯುತ್ತನ್ನು ಹರಿಯಗೊಡುವುದಿಲ್ಲ.

ವಾಹನದಲ್ಲಿ ಇನ್ನೊಂದು ತೊಂದರೆಯಿದೆ: ಅದುರು. ಎಂಜಿನ್ ಓಡುವಾಗ, ಹಳ್ಳಕೊಳ್ಳದ ರಸ್ತೆಯಲ್ಲಿ ಚಕ್ರ ಕುಣಿಯುವಾಗ, ಕನೆಕ್ಟರಿನ ಎರಡು ಭಾಗಗಳು ಒಂದು ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು ಹಿಂದೆ ಮುಂದೆ ಉಜ್ಜಿಕೊಳ್ಳುತ್ತವೆ. ಪ್ರತಿ ಉಜ್ಜಿನಲ್ಲೂ ಹೊಸ ಲೋಹ ಹೊರಬಿದ್ದು ಆಕ್ಸೈಡ್ ಆಗುತ್ತದೆ. ಆ ಪುಡಿ ನಡುವೆ ಶೇಖರವಾಗುತ್ತದೆ. ಹೊರಗಿನಿಂದ ಏನೂ ಕಾಣದೆ ಒಳಗೊಳಗೇ ಸಂಪರ್ಕ ಕೆಡುವ ಬಗೆ ಇದು.

ಹಾಗಾದರೆ ಒಳ್ಳೆಯ ಜೋಡಣೆಯ ಲಕ್ಷಣ ಮೂರು: ಲೋಹ ಲೋಹಕ್ಕೆ ಬಿಗಿಯಾಗಿ ಒತ್ತಿರಬೇಕು, ಗಾಳಿ ನೀರು ಒಳಗೆ ಹೋಗಬಾರದು, ಅದುರು, ಎಳೆತ ಅದನ್ನು ತಲುಪಬಾರದು. ಕೈಯಿಂದ ಹೊಸೆದ ಗಂಟಿನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಟೇಪು ವಿದ್ಯುತ್ತನ್ನು ತಡೆಯುತ್ತದೆಯೇ ಹೊರತು ನೀರನ್ನಲ್ಲ. ಎಂಜಿನ್ನಿನ ಶಾಖಕ್ಕೆ ಅದರ ಅಂಟು ಕರಗಿ ಜಾರುತ್ತದೆ.

ಒತ್ತಿ ಕೂಡಿಸುವ ವಿದ್ಯೆ

ಈ ಮೂರನ್ನೂ ಒಟ್ಟಿಗೆ ಸಾಧಿಸುವ ವಿಧಾನವೇ ಕ್ರಿಂಪಿಂಗ್. ತಂತಿಯ ಬರಿದಾದ ತುದಿಯನ್ನು ಲೋಹದ ಪುಟ್ಟ ಕೊಳವೆಯೊಳಗಿಟ್ಟು, ತಕ್ಕ ಅಚ್ಚಿರುವ ಉಪಕರಣದಿಂದ ಬಲವಾಗಿ ಅದುಮುತ್ತಾರೆ. ಸರಿಯಾಗಿ ಅದುಮಿದ ಜಾಗವನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ, ದುಂಡಗಿದ್ದ ತಾಮ್ರದ ಎಳೆಗಳು ಜೇನುಗೂಡಿನ ಕೋಣೆಗಳಂತೆ ಒಂದಕ್ಕೊಂದು ಒತ್ತಿಕೊಂಡು ಮೂಲೆಮೂಲೆಯಾಗಿರುವುದು ಕಾಣುತ್ತದೆ. ನಡುವೆ ಗಾಳಿಗೂ ಸಂದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ವಿಧಾನಕ್ಕೆ ಬೇಡಿಕೆ ಹೆಚ್ಚಿತು. 1941ರಲ್ಲಿ ಅಮೆರಿಕದಲ್ಲಿ ಯು. ಎ. ವಿಟೇಕರ್ ಸ್ಥಾಪಿಸಿದ ಸಂಸ್ಥೆ ಬೆಸುಗೆಯಿಲ್ಲದ ತಂತಿ ತುದಿಗಳನ್ನು ತಯಾರಿಸತೊಡಗಿತು. ಅದರ ಹೆಸರೇ ಏರ್‌ಕ್ರಾಫ್ಟ್ ಮರೀನ್ ಪ್ರಾಡಕ್ಟ್ಸ್. ವಿಮಾನ, ಹಡಗುಗಳ ಅದುರಿಗೆ ತಡೆಯುವ ಜೋಡಣೆಯೇ ಮುಂದೆ ಮೋಟಾರು ವಾಹನಗಳಿಗೂ ಬಂತು.

ನಮ್ಮಲ್ಲಿ ಅನೇಕರು ಕಟಿಂಗ್ ಪ್ಲೇಯರಿನಿಂದಲೇ ಲಗ್ಗನ್ನು ಜಜ್ಜಿ ಕೆಲಸ ಮುಗಿಸುತ್ತಾರೆ. ಹಾಗೆ ಮಾಡಿದರೆ ಕೊಳವೆ ಚಪ್ಪಟೆಯಾಗುತ್ತದೆ, ಎರಡು ಅಂಚುಗಳಲ್ಲಿ ಸಂದು ಉಳಿಯುತ್ತದೆ. ಕಡಿಮೆ ಒತ್ತಿದರೆ ತಂತಿ ಜಾರುತ್ತದೆ. ಅತಿಯಾಗಿ ಒತ್ತಿದರೆ ಎಳೆಗಳು ತುಂಡಾಗುತ್ತವೆ. ಪೂರ್ತಿ ಅದುಮುವ ತನಕ ಬಿಟ್ಟುಕೊಡದ ಹಲ್ಲುಕಚ್ಚಿನ ಕ್ರಿಂಪಿಂಗ್ ಟೂಲು ಈ ಎರಡು ತಪ್ಪುಗಳನ್ನೂ ತಪ್ಪಿಸುತ್ತದೆ. ದುಬಾರಿ ಕನೆಕ್ಟರನ್ನು ಪ್ಲೇಯರಿನಿಂದ ಜಜ್ಜುವುದಕ್ಕಿಂತ ಸಾಧಾರಣ ಕನೆಕ್ಟರನ್ನು ಸರಿಯಾದ ಟೂಲಿನಿಂದ ಅದುಮುವುದು ಮೇಲು.

'ಬೆಸುಗೆ ಹಾಕಿದರೆ ಇನ್ನೂ ಗಟ್ಟಿಯಲ್ಲವೇ?' ಎಂಬುದು ಮತ್ತೊಂದು ಪ್ರಶ್ನೆ. ಬೆಸುಗೆ ಕೆಟ್ಟದ್ದಲ್ಲ, ನಿಮ್ಮ ಟೆಲಿವಿಷನ್ನಿನ ಒಳಗೆ ಇರುವುದೆಲ್ಲ ಬೆಸುಗೆಯೇ. ಆದರೆ ಅಲ್ಲಿ ಬಿಡಿಭಾಗಗಳು ಹಲಗೆಯ ಮೇಲೆ ಸ್ಥಿರವಾಗಿವೆ. ವಾಹನದ ತಂತಿ ಸದಾ ತೂಗಾಡುತ್ತದೆ. ಕರಗಿದ ಬೆಸುಗೆ, ದೀಪದ ಬತ್ತಿಗೆ ಎಣ್ಣೆ ಏರುವಂತೆ ಎಳೆಗಳ ನಡುವೆ ಏರಿ, ಮೆತ್ತಗಿನ ತಂತಿಯನ್ನು ಕಡ್ಡಿಯಂತೆ ಸೆಟೆಸುತ್ತದೆ. ಕಡ್ಡಿ ಮುಗಿದು ಮೆತ್ತಗಿನ ತಂತಿ ಆರಂಭವಾಗುವ ಗೆರೆಯಲ್ಲಿ ಬಾಗುವಿಕೆಯೆಲ್ಲ ಕೇಂದ್ರೀಕರಿಸಿ, ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಅಲ್ಲಿ ಆಧಾರ ಕೊಟ್ಟು ಕಟ್ಟಿದ್ದರೆ ಮಾತ್ರ ಬೆಸುಗೆ ಬಾಳುತ್ತದೆ.

ಅಂಗಡಿಯಲ್ಲಿ ನಾಲ್ಕು ಪ್ರಶ್ನೆಗಳು

ಆಟೊ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಸುಮ್ಮನೆ 'ಕನೆಕ್ಟರ್ ಕೊಡಿ' ಎಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ನೀವು ಮೊದಲು ನಿಮಗೇ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ.

ಮೊದಲನೆಯದು, ತಂತಿಯ ದಪ್ಪವೆಷ್ಟು? ಪ್ಲಾಸ್ಟಿಕ್ ಹೊದಿಕೆಯ ಲಗ್ಗುಗಳಿಗೆ ಬಣ್ಣದ ಗುರುತಿದೆ. ಕೆಂಪು ಸುಮಾರು 0.5ರಿಂದ 1.5 ಚದರ ಮಿಲಿಮೀಟರ್ ತಂತಿಗೆ, ನೀಲಿ 1.5ರಿಂದ 2.5ಕ್ಕೆ, ಹಳದಿ 4ರಿಂದ 6ಕ್ಕೆ. ಸಣ್ಣ ತಂತಿಗೆ ದೊಡ್ಡ ಲಗ್ಗು ಹಾಕಿ, ಎಳೆಗಳನ್ನು ಮಡಿಚಿ ತುಂಬುವುದು ತಪ್ಪು. ದೊಡ್ಡ ತಂತಿಯ ಕೆಲವು ಎಳೆಗಳನ್ನು ಕತ್ತರಿಸಿ ಸಣ್ಣದರೊಳಗೆ ತುರುಕುವುದು ಇನ್ನೂ ದೊಡ್ಡ ತಪ್ಪು.

ಎರಡನೆಯದು, ಯಾವ ಲೋಹ? ವಾಹನಗಳಲ್ಲಿ ಸಾಮಾನ್ಯವಾಗಿ ತವರದ ಲೇಪವಿರುವ ತಾಮ್ರ ಅಥವಾ ಹಿತ್ತಾಳೆಯ ತುದಿಗಳನ್ನು ಬಳಸುತ್ತಾರೆ. ತವರದ ಮೇಲೂ ಆಕ್ಸೈಡು ಕಟ್ಟುತ್ತದೆ. ಆದರೆ ಆ ಪದರ ತೆಳು, ಗಡುಸು. ಕೆಳಗಿನ ತವರ ಮೆತ್ತಗೆ. ಬಿಗಿಯಾಗಿ ಸಿಕ್ಕಿಸಿದಾಗ ಪದರ ಒಡೆದು ಶುದ್ಧ ಲೋಹ ಮುಟ್ಟುತ್ತದೆ. ಏರ್‌ಬ್ಯಾಗಿನಂಥ, ಎಂದೋ ಒಮ್ಮೆ ಮಾತ್ರ ಕೆಲಸ ಮಾಡಬೇಕಾದ ಮತ್ತು ಆಗ ತಪ್ಪಲೇಬಾರದ ಜಾಗಗಳಲ್ಲಿ ಚಿನ್ನದ ಲೇಪವನ್ನು ಬಳಸುತ್ತಾರೆ, ಚಿನ್ನಕ್ಕೆ ಕಿಲುಬಿಲ್ಲ. ಆದರೆ ಚಿನ್ನದ ಪಿನ್ನಿಗೆ ತವರದ ಸಂಗಾತಿಯನ್ನು ಜೋಡಿಸಬಾರದು. ಎರಡೂ ಕಡೆ ಒಂದೇ ಲೋಹವಿರಲಿ.

ಮೂರನೆಯದು, ಅದು ಇರುವ ಜಾಗ ಎಂಥದು? ಸೀಟಿನ ಕೆಳಗಿನ ಒಣ ಜಾಗದಲ್ಲಿ ಸಾಧಾರಣ ಬುಲೆಟ್ ಕನೆಕ್ಟರ್ ಸಾಕು. ಚಕ್ರದ ನೀರು ಸಿಡಿಯುವಲ್ಲಿ, ಮಲೆನಾಡಿನ ಮಳೆಯಲ್ಲಿ, ಮಂಗಳೂರು ಕಾರವಾರಗಳ ಉಪ್ಪುಗಾಳಿಯಲ್ಲಿ ರಬ್ಬರ್ ಸೀಲು ಇರುವ ಕಪ್ಲರೇ ಬೇಕು. ಅದರ ಮೇಲೆ ಐಪಿ 67 ಎಂದಿದ್ದರೆ ಧೂಳು ಒಳಹೋಗದು, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಕೆಡದು ಎಂದರ್ಥ. ಬಿಡಿ ಜೋಡಣೆಯಾದರೆ, ಒಳಗೆ ಅಂಟಿರುವ, ಬಿಸಿ ತಗುಲಿದರೆ ಕುಗ್ಗುವ ಸ್ಲೀವು ಹಾಕಬಹುದು. ಕನೆಕ್ಟರಿನ ಬಾಯಿ ಕೆಳಮುಖವಾಗಿದ್ದರೆ ನೀರು ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ.

ನಾಲ್ಕನೆಯದು, ಅದನ್ನು ಹಿಡಿದಿಡುವುದು ಯಾವುದು? ಒಳ್ಳೆಯ ತುದಿಯಲ್ಲಿ ಎರಡು ಹಿಡಿತಗಳಿರುತ್ತವೆ: ಒಂದು ತಾಮ್ರವನ್ನು ಹಿಡಿಯಲು, ಇನ್ನೊಂದು ಹೊದಿಕೆಯನ್ನು ಹಿಡಿಯಲು. ಎರಡನೆಯದು ಎಳೆತವನ್ನು ತಾನು ಹೊತ್ತು ತಾಮ್ರವನ್ನು ಕಾಯುತ್ತದೆ. ಕಪ್ಲರಿಗೆ 'ಟಕ್' ಎಂದು ಕೂರುವ ಲಾಕು ಇರಬೇಕು. ತಂತಿಯನ್ನು ಹತ್ತಿರದಲ್ಲೇ ಚಾಸಿಗೆ ಕಟ್ಟಿರಬೇಕು.

ಹೆಚ್ಚುವರಿ ದೀಪ, ಹಾರನ್ನು ಹಾಕಿಸುವಾಗ ಕೆಲವರು ಒಂದು ಪ್ಲಾಸ್ಟಿಕ್ ಕ್ಲಿಪ್ಪನ್ನು ಬಳಸುತ್ತಾರೆ. ಅದರ ಲೋಹದ ಅಲಗು ಹಳೆಯ ತಂತಿಯ ಹೊದಿಕೆಯನ್ನು ಸೀಳಿ ತಾಮ್ರವನ್ನು ಮುಟ್ಟುತ್ತದೆ. ಒಂದು ನಿಮಿಷದ ಕೆಲಸ, ನಿಜ. ಆದರೆ ಅಲಗಿಗೂ ತಂತಿಗೂ ಅಳತೆ ಹೊಂದದಿದ್ದರೆ ಎಳೆಗಳು ತುಂಡಾಗುತ್ತವೆ. ಸೀಳಿದ ಬಾಯಿಯಿಂದ ನೀರು ಎಳೆಗಳ ಉದ್ದಕ್ಕೂ ಹರಿದು ತಂತಿ ಒಳಗೇ ಕಪ್ಪಾಗುತ್ತದೆ. ಮಳೆ ತಾಗುವ ಕಡೆ ಇದನ್ನು ಒಪ್ಪಬೇಡಿ.

ಮರೆತುಹೋಗುವ ಅರ್ಧ ದಾರಿ

ಬ್ಯಾಟರಿಯಿಂದ ಹೊರಟ ಪ್ರವಾಹ ಹಿಂದಿರುಗುವುದು ವಾಹನದ ಕಬ್ಬಿಣದ ಮೈಯಿಂದ. ಇದನ್ನೇ ಮೆಕ್ಯಾನಿಕ್ಕರು ಬಾಡಿ ಅರ್ತ್ ಎನ್ನುತ್ತಾರೆ. ಎಡಕ್ಕೆ ತಿರುಗುವ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಅದರೊಡನೆ ಮಿಣುಕುವುದನ್ನು ನೋಡಿದ್ದೀರಾ? ಅಲ್ಲಿ ಎರಡೂ ದೀಪಗಳ ಅರ್ತ್ ಒಂದೇ ಆಗಿದ್ದು, ಅದು ಕೆಟ್ಟಿರುವ ಸಂಭವ ಹೆಚ್ಚು. ದಾರಿ ಕಾಣದ ಪ್ರವಾಹ ಪಕ್ಕದ ಬಲ್ಬಿನ ಮೂಲಕ ನುಸುಳಲು ನೋಡುತ್ತದೆ. ಪರಿಹಾರ ಸುಲಭ: ಬೋಲ್ಟು ಬಿಚ್ಚಿ, ಬಣ್ಣ ತುಕ್ಕುಗಳನ್ನು ಕೆರೆದು ಹೊಳೆಯುವ ಲೋಹ ಕಾಣಿಸಿ, ಉಂಗುರದಂಥ ಥಿಂಬಲ್ಲನ್ನು ಬಿಗಿದು, ಮೇಲೆ ಗ್ರೀಸು ಸವರುವುದು.

ಈಚೆಗೆ ಎಲ್‌ಇಡಿ ದೀಪಗಳು ಬಂದು ದೀಪಗಳ ಪ್ರವಾಹ ಇಳಿದಿದೆ. ಆದರೆ ಕನೆಕ್ಟರಿನ ಹೊಣೆ ಇಳಿದಿಲ್ಲ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 6 ನಿಯಮಗಳು ಜಾರಿಯಾದ ಮೇಲೆ ದ್ವಿಚಕ್ರ ವಾಹನಗಳಲ್ಲೂ ಸೆನ್ಸರುಗಳು, ಗಣಕ ಬಂದಿವೆ. ಹಲವು ಸೆನ್ಸರುಗಳು ಕಳಿಸುವ ಸುದ್ದಿ 5 ವೋಲ್ಟಿನ ಒಳಗಿನದು. ಪಿನ್ನು ಒಂದು ಕ್ಷಣ ಸಡಿಲವಾದರೂ ಎಂಜಿನ್ನಿಗೆ ತಪ್ಪು ಸುದ್ದಿ ಮುಟ್ಟುತ್ತದೆ.

ಮಾಡಿ ನೋಡಿ

ಒಂದು ಮಲ್ಟಿಮೀಟರ್, ಎರಡು ಟಾರ್ಚ್ ಸೆಲ್ಲು, ತಂತುವಿರುವ ಹಳೆಯ ಟಾರ್ಚ್ ಬಲ್ಬು ಮತ್ತು ಎಳೆಎಳೆಯ ತಾಮ್ರದ ತಂತಿ ತೆಗೆದುಕೊಳ್ಳಿ. ಮೂರು ಜೋಡಣೆ ಮಾಡಿ: ಒಂದು ಕೈಯಿಂದ ಹೊಸೆದದ್ದು, ಒಂದು ಪ್ಲೇಯರಿನಿಂದ ಜಜ್ಜಿದ್ದು, ಒಂದು ಟೂಲಿನಿಂದ ಅದುಮಿದ್ದು. ಒಂದೊಂದನ್ನೂ ಬಲ್ಬಿನ ಮಂಡಲದಲ್ಲಿ ಸೇರಿಸಿ, ಬಲ್ಬು ಉರಿಯುತ್ತಿರುವಾಗ ಜೋಡಣೆಯ ಆಚೆ ಈಚೆ ಮೀಟರಿನ ಕಡ್ಡಿಗಳನ್ನಿಟ್ಟು ವೋಲ್ಟೇಜ್ ಬರೆದುಕೊಳ್ಳಿ. ಆಮೇಲೆ ಅವನ್ನು ಬಿಡಿಸಿ, ಒಂದು ರಾತ್ರಿ ಉಪ್ಪುನೀರಿನಲ್ಲಿ ನೆನೆಸಿ, ಒಂದು ವಾರ ಒಣಗಿಸಿ ಮತ್ತೆ ಅಳೆಯಿರಿ. ಎರಡು ಪಟ್ಟಿಗಳನ್ನು ಹೋಲಿಸಿದರೆ ಈ ಲೇಖನದ ಸಾರ ನಿಮ್ಮದೇ ಅಕ್ಷರದಲ್ಲಿ ಇರುತ್ತದೆ.

ವಾಹನದಲ್ಲೂ ಇದೇ ಉಪಾಯ. ದೀಪ ಉರಿಯುತ್ತಿರುವಾಗ ಜೋಡಣೆಯ ಎರಡು ಬದಿಗೆ ಮೀಟರ್ ಹಿಡಿಯಿರಿ. 0.1 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಚಿಂತೆಯಿಲ್ಲ. ಓಮ್ ಅಳತೆಯಲ್ಲಿ ಇದನ್ನು ಹಿಡಿಯಲಾಗದು. ಮೀಟರಿನ ಸ್ವಂತ ತಂತಿಗಳ ರೋಧವೇ ಹೆಚ್ಚುಕಡಿಮೆ ಅಷ್ಟಿರುತ್ತದೆ.

ಎಚ್ಚರಿಕೆಯ ಮಾತು: ಕನೆಕ್ಟರ್ ಬದಲಾಯಿಸುವಾಗ ದೊಡ್ಡವರು ಜೊತೆಗಿರಲಿ. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿ, ಕೊನೆಗೆ ಹಾಕಿ. ವಿದ್ಯುತ್ ವಾಹನಗಳ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನೂ, ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿರುವ ಏರ್‌ಬ್ಯಾಗಿನ ಕನೆಕ್ಟರುಗಳನ್ನೂ ಎಂದಿಗೂ ಮುಟ್ಟಬೇಡಿ.

ಸ್ಟುಡಿಯೋದಲ್ಲಿ ಚಿತ್ರ ಕಾಣೆಯಾದರೆ ನಾವು ಮೊದಲು ನೋಡುವುದು ಕ್ಯಾಮೆರಾವನ್ನಲ್ಲ, ಕೇಬಲ್ಲಿನ ತುದಿಯನ್ನು. ಆ ಅಭ್ಯಾಸವನ್ನು ನಾನು ಜೀಪಿಗೆ ಅನ್ವಯಿಸಿರಲಿಲ್ಲ. ನಿಮ್ಮ ಮನೆಯ ಸ್ಕೂಟರಿನಲ್ಲೋ, ನೀವು ಶಾಲೆಗೆ ಹೋಗುವ ವ್ಯಾನಿನಲ್ಲೋ ಕಪ್ಪು ಟೇಪಿನ ಗಂಟೊಂದು ಇದ್ದೀತು. ಈ ಭಾನುವಾರ ಅಪ್ಪನ ಜೊತೆಗೋ ಅಕ್ಕನ ಜೊತೆಗೋ ಕುಳಿತು ಹುಡುಕಿ ನೋಡಿ. ಮಳೆ ಬರುವ ಮುನ್ನ ಅದನ್ನು ಬಿಚ್ಚಿಸಿ, ಸರಿಯಾದ ಕನೆಕ್ಟರ್ ಹಾಕಿಸಿ.